ಒಂದೇ ಪುಟದ ಕೃತಿ

ಗ್ರಂಥವೆನ್ನಲಾಗದ, ಚಿತ್ರವೆಂದೂ ಪೂರ್ತಿ ಕರೆಯಲಾಗದ ಒಂದು ಕೃತಿಯನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಲೂಯಿಸ್ ಮೂಡಿ 1944ರಲ್ಲಿ ಪ್ರಕಟಿಸಿದ, ಕೊಳವೆಯೊಳಗೆ ಹರಿಯುವ ದ್ರವಕ್ಕೊದಗುವ ಘರ್ಷಣೆಯನ್ನು ಒಂದೇ ಹಾಳೆಯ ಮೇಲೆ ವಕ್ರರೇಖೆಗಳ ಗೊಂಚಲಾಗಿ ಬಿಡಿಸಿ ತೋರಿಸಿದ ಆ ನಕ್ಷೆಯನ್ನು ಕಾಣದೆ ಇಂಜಿನಿಯರಿಂಗ್ ಪದವಿ ಪಡೆದವರು ವಿರಳ. ಕಂಡವರಲ್ಲಿ ಅದನ್ನು ಒಂದು ಬರಹವೆಂದು ಓದಿದವರು ಇನ್ನೂ ವಿರಳ.

ಕೊಳವೆಯಲ್ಲಿ ದ್ರವವು ಮುಂದೆ ಸಾಗಿದಷ್ಟೂ ಅದರ ಒತ್ತಡ ಕುಗ್ಗುತ್ತ ಹೋಗುತ್ತದೆ. ಎಷ್ಟು ಕುಗ್ಗುತ್ತದೆಂಬುದು ತಿಳಿಯದೆ ಪಂಪಿನ ಶಕ್ತಿಯನ್ನಾಗಲಿ, ತೊಟ್ಟಿಯ ಎತ್ತರವನ್ನಾಗಲಿ ನಿರ್ಧರಿಸುವಂತಿಲ್ಲ. ನಷ್ಟವು ಕೊಳವೆಯ ಉದ್ದಕ್ಕೂ ವೇಗದ ವರ್ಗಕ್ಕೂ ಅನುಲೋಮವಾಗಿ, ವ್ಯಾಸಕ್ಕೆ ವಿಲೋಮವಾಗಿ ಇರುತ್ತದೆಂಬ ಸೂತ್ರವನ್ನು ಜರ್ಮನಿಯ ವೈಸ್‌ಬಾಖ್ 1845ರಲ್ಲಿಯೇ ಈಗಿನ ರೂಪಕ್ಕೆ ತಂದಿದ್ದನು. ಆದರೆ ಆ ಸೂತ್ರದ ನಡುವೆ ಘರ್ಷಣಾಂಕವೆಂಬ ಒಂದು ಅಂಕಿಯು ಅಳತೆಗೆ ಸಿಕ್ಕದ ಅತಿಥಿಯಂತೆ ಕುಳಿತಿತ್ತು. ದಿಜೋನ್ ಪಟ್ಟಣಕ್ಕೆ ನೀರು ತಂದ ಹೆನ್ರಿ ಡಾರ್ಸಿಯು ಹೊಸ ಕೊಳವೆಗಳನ್ನೂ ಕಿಟ್ಟಗಟ್ಟಿದ ಹಳೆಯ ಕೊಳವೆಗಳನ್ನೂ ಪರೀಕ್ಷೆಗೊಡ್ಡಿ, ಒಳಮೈಯ ಗುಣವು ಪ್ರವಾಹವನ್ನು ತಡೆಯುತ್ತದೆಂದು 1857ರಲ್ಲಿ ಬರೆದನು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ನಳಿಗೆಯೊಳಗೆ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು, ಅದು ನೇರವಾಗಿ ಸಾಗುವುದೆಲ್ಲಿ, ಕದಡಿ ಹರಡಿಹೋಗುವುದೆಲ್ಲಿ ಎಂಬುದನ್ನು ಕಣ್ಣಿಗೆ ಕಾಣಿಸಿದನು. 1933ರಲ್ಲಿ ನಿಕುರಾಡ್ಸೆಯು ಕೊಳವೆಗಳ ಒಳಗೋಡೆಗೆ ಜರಡಿ ಹಿಡಿದ ಮರಳನ್ನು ಅಂಟಿಸಿ ಒರಟುತನವನ್ನೇ ಅಳತೆಗೆ ತಂದನು. ಇವೆಲ್ಲವನ್ನೂ ಕೂಡಿಸಿ ಕೋಲ್‌ಬ್ರುಕ್ 1939ರಲ್ಲಿ ಕೊಟ್ಟ ಸಮೀಕರಣವಾದರೋ, ಕಂಡುಹಿಡಿಯಬೇಕಾದ ಅಂಕಿಯೇ ಅದರ ಎರಡು ಪಕ್ಕಗಳಲ್ಲಿಯೂ ಕುಳಿತಿದ್ದುದರಿಂದ, ಲೆಕ್ಕ ಮಾಡುವವನ ಸಹನೆಯನ್ನು ಪರೀಕ್ಷಿಸುವಂತಹುದಾಗಿತ್ತು.

ಮೂಡಿಯು ಹೊಸದೇನನ್ನೂ ಕಂಡುಹಿಡಿಯಲಿಲ್ಲ; ಹಾಗೆಂದು ಹೇಳಿಕೊಳ್ಳಲೂ ಇಲ್ಲ. ಅಯೋವಾದ ಹಂಟರ್ ರೌಸ್ ಇವನಿಗಿಂತ ಮೊದಲೇ ಇಂತಹ ಒಂದು ನಕ್ಷೆಯನ್ನು ರಚಿಸಿದ್ದನಾದರೂ, ಅದರ ಅಕ್ಷಗಳು ಪಂಡಿತನಿಗೆ ಪ್ರಿಯವಾಗಬಹುದಾದಂತಹವು, ಕೆಲಸದವನಿಗೆ ಸುಲಭವಾದವಲ್ಲ. ಅಡ್ಡಕ್ಕೆ, ಪ್ರವಾಹವು ನೇರವಾಗಿ ಸಾಗುವುದೋ ಕದಡುವುದೋ ಎಂಬುದನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ, ಲಂಬಕ್ಕೆ ಘರ್ಷಣಾಂಕ, ಬಲಗಡೆಯ ಅಂಚಿನಲ್ಲಿ ಒರಟುತನಕ್ಕೂ ವ್ಯಾಸಕ್ಕೂ ಇರುವ ನಿಷ್ಪತ್ತಿ ಎಂಬ ಮೂಡಿಯ ಸರಳ ಏರ್ಪಾಟು ಗೆದ್ದುದು ಈ ಕಾರಣದಿಂದಲೇ. ಆದರೆ ಈ ಸೌಲಭ್ಯಕ್ಕೆ ಬೆಲೆಯುಂಟು. ಇಷ್ಟು ನೀರು ಹರಿದರೆ ಒತ್ತಡನಷ್ಟವೆಷ್ಟು ಎಂದು ಕೇಳಿದರೆ ನಕ್ಷೆ ತಟ್ಟನೆ ಉತ್ತರಿಸುತ್ತದೆ; ಇಷ್ಟು ಒತ್ತಡವಿದ್ದರೆ ಎಷ್ಟು ನೀರು ಬಂದೀತು, ಎಷ್ಟು ದಪ್ಪದ ಕೊಳವೆ ಬೇಕಾದೀತು ಎಂದು ತಿರುಗಿಸಿ ಕೇಳಿದೊಡನೆ ಅದು ಮೌನ ವಹಿಸಿ, ನಮ್ಮನ್ನು ಊಹೆಮಾಡಿ ತಿದ್ದಿಕೊಳ್ಳುವ ಹಳೆಯ ಹಾದಿಗೇ ಕಳುಹಿಸುತ್ತದೆ. ರೌಸನ ನಕ್ಷೆಯು ಹರಿವನ್ನು ಅರಸುವವನನ್ನು ಹೀಗೆ ಅಲೆಸುತ್ತಿರಲಿಲ್ಲ.

ನನಗೆ ಈ ಕೃತಿಯಲ್ಲಿ ಅತ್ಯಂತ ಮೆಚ್ಚಿಗೆಯಾದುದು ಅದರ ಅಡ್ಡಗೆರೆ ಹಾಕಿದ ಭಾಗ. ರೆನಾಲ್ಡ್ಸ್ ಸಂಖ್ಯೆಯು 2000 ಮುಟ್ಟುವವರೆಗೆ, 64ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಘರ್ಷಣಾಂಕವು ದೊರೆಯುತ್ತದೆ. 4000 ದಾಟಿದ ಮೇಲೆ ವಕ್ರರೇಖೆಗಳು ಮೊದಲಾಗುತ್ತವೆ. ನಡುವಣ ಪ್ರದೇಶದಲ್ಲಿ ಪ್ರವಾಹವು ಯಾವ ನಿಮಿಷಕ್ಕೆ ಯಾವ ಸ್ವಭಾವ ತಾಳುವುದೋ ಹೇಳಲು ಬಾರದಾದ್ದರಿಂದ, ಅಲ್ಲಿ ಖಚಿತವಾದ ಗೆರೆಯೊಂದನ್ನು ಎಳೆದು ಓದುಗನನ್ನು ಸಮಾಧಾನಪಡಿಸುವ ಆಸೆಗೆ ಮೂಡಿಯು ಒಳಗಾಗಲಿಲ್ಲ. ನುಣುಪಾದ ನಳಿಗೆಗಳಲ್ಲಿಯೂ ನೂರಕ್ಕೆ ಐದರಷ್ಟು, ಮಾರುಕಟ್ಟೆಯ ಉಕ್ಕಿನ ಕೊಳವೆಗಳಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆಯಾಗಬಹುದೆಂದು ಅವನೇ ತನ್ನ ಲೇಖನದಲ್ಲಿ ಒಪ್ಪಿಕೊಂಡಿದ್ದಾನೆ. ನಕ್ಷೆಯು ಪಠ್ಯಪುಸ್ತಕಗಳಿಗೆ ವಲಸೆ ಹೋದಾಗ ಈ ಮಾತು ಮಾತ್ರ ಜೊತೆಗೆ ಹೋಗಲಿಲ್ಲ.

ಇನ್ನೊಂದು ತೊಡಕನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಸಾಯನ ಕಾರ್ಖಾನೆಗಳವರು ಬಳಸುವ ಫ್ಯಾನಿಂಗ್ ಘರ್ಷಣಾಂಕವು ಮೂಡಿಯದರ ಕಾಲುಭಾಗವಷ್ಟೆ; ಎರಡಕ್ಕೂ ಅಕ್ಷರ ಒಂದೇ. ಒಂದು ಪುಸ್ತಕದ ನಕ್ಷೆಯನ್ನು ಇನ್ನೊಂದರ ಸೂತ್ರಕ್ಕೆ ಸೇರಿಸಿ, ಅವಶ್ಯವಿದ್ದುದಕ್ಕಿಂತ ನಾಲ್ಕು ಮಡಿ ನಷ್ಟವನ್ನು ಲೆಕ್ಕಹಾಕಿ ಇಡೀ ಮಧ್ಯಾಹ್ನ ಬೆರಗಾಗಿ ಕುಳಿತವರಲ್ಲಿ ನಾನೂ ಒಬ್ಬ.

ನಕ್ಷೆಯ ನಿಜವಾದ ಕೊರತೆ ಬೇರೆಯದು: ಅದರಲ್ಲಿ ಕಾಲಕ್ಕೆ ಅಕ್ಷವಿಲ್ಲ. ನೂರು ಮಿಲಿಮೀಟರ್ ವ್ಯಾಸದ, ನೂರು ಮೀಟರ್ ಉದ್ದದ ಉಕ್ಕಿನ ಕೊಳವೆಯಲ್ಲಿ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹರಿಯುತ್ತದೆಂದಿಟ್ಟುಕೊಳ್ಳಿ. ಹೊಸ ಉಕ್ಕಿನ ಒರಟುತನವು 0.045 ಮಿಲಿಮೀಟರ್ ಎಂದು ಪಟ್ಟಿ ಹೇಳುತ್ತದೆ, ಘರ್ಷಣಾಂಕ 0.019 ಆಗಿ, ಸುಮಾರು 2.2 ಮೀಟರ್ ಎತ್ತರದ ನೀರಿನಷ್ಟು ಒತ್ತಡ ನಷ್ಟವಾಗುತ್ತದೆ. ತುಕ್ಕು ಹಿಡಿದು ಒರಟುತನ ಒಂದು ಮಿಲಿಮೀಟರಿಗೆ ಏರಿದರೆ ಅದೇ ನಷ್ಟ ಇಮ್ಮಡಿ. ಹರಿವು ಅಷ್ಟೇ ಇದ್ದು ಕಿಟ್ಟದಿಂದ ವ್ಯಾಸವು ತೊಂಬತ್ತಕ್ಕೆ ಇಳಿದರಂತೂ, ವೇಗವೂ ಏರಿ ನಷ್ಟವು ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗುವುದರಿಂದ, ಅದರ ಮೇಲೆ ಇನ್ನೂ ನೂರಕ್ಕೆ ಎಪ್ಪತ್ತರಷ್ಟು ಬೀಳುತ್ತದೆ. ಹೀಗಿರುವಲ್ಲಿ ಭೂತಗನ್ನಡಿ ಹಿಡಿದು ಘರ್ಷಣಾಂಕದ ನಾಲ್ಕನೆಯ ದಶಮಾಂಶವನ್ನು ಅರಸುವ ನಮ್ಮ ತರುಣರ ಶ್ರದ್ಧೆಯನ್ನು ಏನೆಂದು ಹೊಗಳಲಿ! ನೀರನ್ನುಳಿದು ಬೇರೆ ದ್ರವವನ್ನರಿಯದ, ಸ್ನಿಗ್ಧತೆಯನ್ನು ಲೆಕ್ಕಕ್ಕೇ ತಾರದೆ ಇದೇ ನಷ್ಟವನ್ನು ಅಳೆಯುವ ಹೇಜನ್-ವಿಲಿಯಮ್ಸ್ ಸೂತ್ರವು ಶಾಸ್ತ್ರದೃಷ್ಟಿಯಿಂದ ಬಡವೇ ಸರಿ. ಆದರೂ ಹೊಸ ಬೀಡುಕಬ್ಬಿಣಕ್ಕೆ ಗುಣಾಂಕ 130, ಹಳೆಯದಕ್ಕೆ 100 ಎಂದು ಬರೆದುಕೊಳ್ಳುವ ಅದರ ರೂಢಿಯಲ್ಲಿ, ಡಾರ್ಸಿ ಅರಿತಿದ್ದ ಕೊಳವೆಯ ವಯಸ್ಸು ಎಂಬ ಸಂಗತಿ ಉಳಿದುಬಂದಿದೆ.

ಹಿಂದೊಮ್ಮೆ ನಮ್ಮ ಮನೆಯ ಬಚ್ಚಲಿನ ನಲ್ಲಿ ಬೆರಳುದಪ್ಪವೂ ನೀರು ಸುರಿಸದಾದಾಗ, ನಲ್ಲಿ ಕೆಲಸದವನು ಗೋಡೆಯೊಳಗಿನ ಮುಕ್ಕಾಲು ಇಂಚಿನ ಹಳೆಯ ಜಿ.ಐ. ಪೈಪನ್ನು ಗರಗಸದಿಂದ ಕೊಯ್ದು ನನ್ನ ಕೈಗಿತ್ತನು. ಹಾಗಲಕಾಯಿಯ ಮೈಯನ್ನು ಒಳಗೆ ಮಗುಚಿ ಇಟ್ಟಂತೆ ಕೆಂಪುಗಂಟುಗಳು. ನಡುವಣ ರಂಧ್ರದಲ್ಲಿ ಕಿರುಬೆರಳು ತೂರಲಿಲ್ಲ. ನಾನು ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕೂರುವಷ್ಟರಲ್ಲಿ ಅವನು, “ಮುಕ್ಕಾಲು ಬೇಡಿ ಸ್ವಾಮಿ, ಒಂದಿಂಚೇ ಹಾಕ್ಬಿಡೋಣ” ಎಂದನು. ಅಂದು ರಾತ್ರಿ ಕುತೂಹಲಕ್ಕೆಂದು ಗುಣಿಸಿ ನೋಡಿದೆ. ಅದೇ ಹರಿವಿಗೆ, ಎರಡೂ ಹೊಸವಾದಾಗಲೂ, ಒಂದಿಂಚಿನ ಪೈಪಿನಲ್ಲಿ ನಷ್ಟವು ಮುಕ್ಕಾಲು ಇಂಚಿನದರ ಕಾಲುಭಾಗಕ್ಕೆ ಹತ್ತಿರ ಹತ್ತಿರ ಬಂದಿತು.