ಬಿಸಿಲಿಗೊಂದು ಅಳತೆ, ಜ್ವರಕ್ಕೊಂದು

ನಮ್ಮಲ್ಲಿ ಬಿಸಿಲು ಸೆಲ್ಸಿಯಸ್‌ನಲ್ಲಿ ಏರುತ್ತದೆ, ಜ್ವರ ಫ್ಯಾರನ್‌ಹೀಟ್‌ನಲ್ಲಿ. ಮೇ ತಿಂಗಳ ಕಲಬುರಗಿಯಲ್ಲಿ 42 ಎಂದು ಕೇಳಿದರೆ ಸಾಕು, ಕೈ ತಾನಾಗಿ ಹಣೆಯ ಬೆವರು ಒರೆಸುತ್ತದೆ. ಮಗುವಿಗೆ 102 ಎಂದರೆ ಒದ್ದೆ ಬಟ್ಟೆ ಹುಡುಕುತ್ತೇವೆ. ಯಾವ ಡಿಗ್ರಿ ಎಂದು ಯಾರೂ ಕೇಳುವುದಿಲ್ಲ, ಯಾರಿಗೂ ಗೊಂದಲವಿಲ್ಲ. ಎರಡು ಅಳತೆಗಳನ್ನು ಒಂದೇ ಸೂರಿನಡಿ ಇಷ್ಟು ಸಲೀಸಾಗಿ ಬಾಳಿಸುವ ಈ ಜಾಣ್ಮೆ ನನಗೆ ಬಲು ಪ್ರೀತಿ. ಅದಕ್ಕಿಂತ ಪ್ರೀತಿ, ಒಂದರಿಂದ ಇನ್ನೊಂದಕ್ಕೆ ದಾಟಿಸುವ ಆ ಪುಟ್ಟ ಲೆಕ್ಕ.

ಶಾಲೆಯಲ್ಲಿ ಕಲಿತದ್ದು ಒಂಬತ್ತರಿಂದ ಗುಣಿಸು, ಐದರಿಂದ ಭಾಗಿಸು ಎಂಬ ಒಣ ಸೂತ್ರ. ಬಾಯಿಲೆಕ್ಕದ ದಾರಿ ಇದಕ್ಕಿಂತ ಸೊಗಸು. ಸೆಲ್ಸಿಯಸ್ ಅಂಕಿಯನ್ನು ದುಪ್ಪಟ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ, 32 ಕೂಡಿಸಿ. ನಮ್ಮ ಮೈಯ 37 ಅನ್ನೇ ತೆಗೆದುಕೊಳ್ಳಿ. ದುಪ್ಪಟ್ಟು 74. ಅದರಲ್ಲಿ 7.4 ಹೋದರೆ 66.6. ಮೂರು ಆರುಗಳು ಸಾಲಾಗಿ ಬಂದು ನಿಂತದ್ದನ್ನು ತುಸು ಹೊತ್ತು ನೋಡಿ, ಅವಸರ ಬೇಡ. ಆಮೇಲೆ 32 ಕೂಡಿಸಿ. 98.6! ಅಂದಾಜಲ್ಲ, ಒಂದಿಷ್ಟೂ ಆಚೀಚೆ ಆಗದ ಉತ್ತರ.

ಇನ್ನು ಐದೈದು ಡಿಗ್ರಿಯಂತೆ ಮೆಟ್ಟಿಲು ಹತ್ತಿ. 15ಕ್ಕೆ 59, 20ಕ್ಕೆ 68, 25ಕ್ಕೆ 77, 30ಕ್ಕೆ 86, 35ಕ್ಕೆ 95. ಹತ್ತರ ಸ್ಥಾನ ಒಂದೊಂದೇ ಏರುತ್ತದೆ, ಬಿಡಿ ಸ್ಥಾನ ಒಂದೊಂದೇ ಇಳಿಯುತ್ತದೆ. ಒಂಬತ್ತರ ಮಗ್ಗಿಯ ಅದೇ ಲಯ! ಚಳಿಗಾಲದ ಬೆಂಗಳೂರಿಗೆ ಇನ್ನೂ ಮುದ್ದಾದ ಜೋಡಿಗಳಿವೆ. ನಸುಕಿನ 16 ಫ್ಯಾರನ್‌ಹೀಟ್‌ನಲ್ಲಿ ಹೆಚ್ಚುಕಡಿಮೆ 61, ಹದವಾದ ಹಗಲಿನ 28 ಹೆಚ್ಚುಕಡಿಮೆ 82. ಅಂಕಿಗಳು ಜಾಗ ಬದಲಿಸಿದರೆ ಮುಗಿಯಿತು.

ಈ ಸೊಬಗಿನ ಹಿಂದೆ ಕೈಕಸುಬಿನ ಜಾಣತನವಿದೆ. ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಉಪಕರಣಗಳನ್ನು ಮಾಡುತ್ತಿದ್ದವನು. 1724ರಲ್ಲಿ ಅವನು ಪ್ರಕಟಿಸಿದ ಮಾನದಲ್ಲಿ ಕರಗುವ ಮಂಜುಗಡ್ಡೆಗೆ 32, ಆರೋಗ್ಯವಂತನ ಮೈಗೆ 96. ನಡುವೆ 64. ಅರ್ಧ, ಅರ್ಧದ ಅರ್ಧ, ಮತ್ತೆ ಅದರ ಅರ್ಧ ಎಂದು ಆರು ಸಲ ಸೀಳಿದರೆ ಒಂದೊಂದು ಡಿಗ್ರಿಯೂ ತಾನಾಗಿ ಸಿಗುತ್ತದೆ. ಗೆರೆ ಎಳೆಯುವ ಕೈಗೆ ಇದಕ್ಕಿಂತ ಹಿತವಾದ ಲೆಕ್ಕ ಉಂಟೆ? ಉಪ್ಸಾಲದ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರರ ಮಾನ ಕೊಟ್ಟ. ಅದೂ ತಲೆಕೆಳಗಾಗಿ: ಕುದಿಯುವ ನೀರಿಗೆ ಸೊನ್ನೆ, ಮಂಜುಗಡ್ಡೆಗೆ ನೂರು. ತಿರುವಿ ಹಾಕಿದ್ದು ಆಮೇಲಿನವರು.

ಎರಡೂ ಮಾನಗಳ ಸಮಾಗಮ ನೋಡಬೇಕೆಂದರೆ ಹಳೆಯ ಗಾಜಿನ ಥರ್ಮಾಮೀಟರ್ ಕೈಗೆತ್ತಿಕೊಳ್ಳಬೇಕು. ಒಂದು ಅಂಚಿಗೆ 94ರಿಂದ 108, ಇನ್ನೊಂದಕ್ಕೆ 35ರಿಂದ 42. ಬೆರಳ ತುದಿಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಮೆಲ್ಲಗೆ ಹೊರಳಿಸಿ... ಇನ್ನೂ ಒಂಚೂರು. ಮೂರು ಮೂಲೆಯ ಆ ಗಾಜೇ ಭೂತಗನ್ನಡಿಯಾಗಿ, ಅಲ್ಲಿಯವರೆಗೆ ಕಾಣದಿದ್ದ ಪಾದರಸ ಥಟ್ಟನೆ ಜರಿಯ ಎಳೆಯಂತೆ ಹೊಳೆಯುತ್ತದೆ. ಬುಡದ ಗುಳ್ಳೆಯ ಮೇಲೆ ಕೊಳವೆಯನ್ನು ಕೂದಲೆಳೆಯಷ್ಟು ಕಿರಿದು ಮಾಡಿರುತ್ತಾರೆ. ಅದರಿಂದಲೇ ಕಂಕುಳಿನಿಂದ ತೆಗೆದ ಮೇಲೂ ಪಾದರಸ ಇಳಿಯದೆ, ಕೊಡವುವವರೆಗೆ ಅಲ್ಲೇ ನಿಲ್ಲುತ್ತದೆ. ಒಡೆದರೆ ಪಾದರಸ ವಿಷ, ಡಿಜಿಟಲ್ ಬಂದದ್ದು ಒಳ್ಳೆಯದೇ. ಆದರೂ ಈ ಕುಸುರಿ ಅದರಲ್ಲಿಲ್ಲ.

ಕಲಬುರಗಿಯ ಆ 42 ಅನ್ನು ಈಗ ದಾಟಿಸಿ ನೋಡಿ: 84, ಅದರಲ್ಲಿ 8.4 ಕಳೆದು 75.6, 32 ಸೇರಿ 107.6. ಜ್ವರದ ಕಡ್ಡಿಯ ಕಟ್ಟಕಡೆಯ ಗೆರೆಗಳು! ಅಲ್ಲಿನ ನೆರಳಿನ ಗಾಳಿಯೇ ಬಹುತೇಕ ಎಲ್ಲ ಜ್ವರಗಳಿಗಿಂತಲೂ ಬಿಸಿ ಎಂದು ಇಷ್ಟು ಕಣ್ಣಿಗೆ ಕಟ್ಟುವಂತೆ ಬೇರಾವುದೂ ಹೇಳದು.

ಜ್ವರಕ್ಕೆ ಮಾತ್ರ ಫ್ಯಾರನ್‌ಹೀಟೇ ಚೆಂದ ಎಂಬುದು ನನ್ನ ತೀರ್ಮಾನ. ಸೆಲ್ಸಿಯಸ್‌ನಲ್ಲಿ ನಾಲ್ಕೇ ಡಿಗ್ರಿಯಲ್ಲಿ ಇಕ್ಕಟ್ಟಾಗುವ ಜ್ವರದ ಏರಿಳಿತ ಇಲ್ಲಿ ಏಳು ಡಿಗ್ರಿಗೂ ಮೀರಿ ಹರಡಿಕೊಳ್ಳುತ್ತದೆ. ‘ನೂರು ದಾಟಿತು’ ಎಂದೊಡನೆ ಮನೆಮಂದಿಗೆಲ್ಲ ತಿಳಿಯುತ್ತದೆ.

ನಾಳೆ ಪತ್ರಿಕೆಯ ಹವಾಮಾನದ ಪಟ್ಟಿಯಲ್ಲಿ ನಿಮ್ಮೂರಿನ ಗರಿಷ್ಠ ಅಂಕಿ ಹುಡುಕಿ. ಮೊಬೈಲ್ ಮುಟ್ಟದೆ, ಕಾಫಿ ಕುಡಿಯುತ್ತ, ನಿಧಾನವಾಗಿ ದಾಟಿಸಿ ನೋಡಿ.