ಕ್ಲಿಕ್ಕಿಗೆ ಸಿಗದ ಮದ್ದಳೆ

ಬೆಂಗಳೂರಿನ ಬಾಡಿಗೆ ರೂಮುಗಳಲ್ಲಿ, ನಮ್ಮ ಶಿರಸಿ-ಸಿದ್ದಾಪುರ ಕಡೆಯ ಮನೆಗಳ ಮೆತ್ತಿನ ಮೇಲೆ ಈಗ ಹೋಂ ಸ್ಟುಡಿಯೋಗಳು ಎದ್ದಿವೆ. ಅಲ್ಲಿಂದ ಬರುವ ಯಕ್ಷಗಾನದ ಪದ್ಯಗಳನ್ನು ಆಫೀಸ್ ಕ್ಯಾಬಿನಲ್ಲಿ ಹೆಡ್‌ಫೋನ್ ಹಾಕ್ಕೊಂಡು ನಾನೂ ಕೇಳ್ತೀನಿ. ಸೌಂಡು ಚೊಕ್ಕ. ದನಿ ಬೇರೆ, ಮದ್ದಳೆ ಬೇರೆ, ಚಂಡೆ ಬೇರೆ. ಆದ್ರೆ ಎರಡನೇ ಪದ್ಯಕ್ಕೆ ಬರುವಷ್ಟರಲ್ಲಿ ಆಕಳಿಕೆ.

ಕಾರಣ, ಒಬ್ಬೊಬ್ಬರನ್ನೇ ಕೂರಿಸಿ ರೆಕಾರ್ಡ್ ಮಾಡುವ ಕ್ರಮ. ಮೊದಲು ಕ್ಲಿಕ್ ಟ್ರ್ಯಾಕ್. ಭಾಗವತರು ಅದನ್ನ ಕಿವಿಯಲ್ಲಿ ಕೇಳ್ತಾ ಹಾಡ್ತಾರೆ. ವಾರ ಬಿಟ್ಟು ಮದ್ದಳೆಯವರು ಬಂದು ಅದರ ಮೇಲೆ ಬಾರಿಸಿ ಹೋಗ್ತಾರೆ. ಸಿನಿಮಾ ಹಾಡಿಗೆ ಇದು ಸರಿ. ಯಕ್ಷಗಾನದಲ್ಲಿ ಲಯದ ಯಜಮಾನಿಕೆ ಭಾಗವತರದ್ದು. ಪದ್ಯ ಎತ್ತಿದಾಗಿನ ವೇಗ ಮುಗಿಸುವಾಗ ಇರೋದಿಲ್ಲ. ಸಂದರ್ಭ ಏರಿದ ಹಾಗೆ ಎಳೀತಾರೆ, ಬಿಡ್ತಾರೆ, ಓಡಿಸ್ತಾರೆ. ಮದ್ದಳೆಯವರ ಕಣ್ಣು ಅವರ ತುಟಿ ಮೇಲೆ, ತಾಳ ಹಿಡಿದ ಕೈ ಮೇಲೆ. ಭೈರುಂಬೆ ಕಡೆಯ ಮದ್ದಳೆಗಾರ ಮಾವ ಒಬ್ಬರು ಹೆಡ್‌ಫೋನ್ ತೆಗೆದಿಟ್ಟು ಕೇಳಿದ್ದಿಷ್ಟೇ: "ತಮಾ, ಇದು ಯಾರ ತಾಳ? ಭಾಗವತ್ರದ್ದನ, ಕಂಪ್ಯೂಟ್ರಿಂದನ?"

ಇನ್ನೊಂದು ತಮಾಷೆ. ತಾಳ ಭಾಗವತರ ಕೈಯಲ್ಲೇ ಇರುವಾಗ ದನಿಯ ಮೈಕಿಗೆ ಅದು ಬಿದ್ದೇ ಬೀಳ್ತದೆ. ಪೂರ್ತಿ ಬೇರ್ಪಡಿಸುವ ಆಸೆ ಅಲ್ಲಿಗೇ ಮುಗೀತು. ಕೆಲವರು ತಾಳವನ್ನೂ ಬೇರೆ ರೆಕಾರ್ಡ್ ಮಾಡ್ತಾರಂತೆ. ಕೈ ಕಟ್ಟಿ ಹಾಡಿಸಿದ ಭಾಗವತಿಕೆ ಹೇಗಿರ್ತದೆ, ನೀವೇ ಕೇಳಿ.

ಹಾಗಂತ ಜಗಲಿ ಮೇಲೆ ಫೋನ್ ಇಟ್ಟು ರೆಕಾರ್ಡ್ ಒತ್ತೋದೂ ಉತ್ತರ ಅಲ್ಲ. ಚಂಡೆಗೆ ಪೆಟ್ಟು ಬಿದ್ದ ತಕ್ಷಣ ಫೋನು ತಾನಾಗಿ ಲೆವೆಲ್ ಇಳಿಸ್ತದೆ, ಭಾಗವತರು ಬಾವಿಗೆ ಬಿದ್ದ ಹಾಗೆ ಕೇಳ್ತದೆ. ಕಾಳಿಂಗ ನಾವಡರು 1990ರಲ್ಲಿ ಹೋದರು. ಅವರ ದನಿಯನ್ನು ನಮ್ಮ ತಲೆಮಾರು ಕೇಳಿದ್ದೇ ಕ್ಯಾಸೆಟ್ಟಿನ ಕರಕರದಲ್ಲಿ. ಒಂದೇ ಟ್ರ್ಯಾಕಿಗೆ ಅಂಟಿಕೊಂಡದ್ದನ್ನು ಆಮೇಲೆ ಚೊಕ್ಕವಾಗಿ ಬಿಡಿಸೋದು ಕಷ್ಟ.

ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಟ್ರ್ಯಾಕ್ ಮಾತ್ರ ಬೇರೆ ಮಾಡಿ. 1967ರಲ್ಲಿ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ಮಾಡಿದ್ದು ನಾಲ್ಕು ಟ್ರ್ಯಾಕಿನ ಮಶೀನಿನಲ್ಲಿ. ತಾಳಮದ್ದಳೆಗೆ ನಾಲ್ಕು ಧಾರಾಳ: ಭಾಗವತರು, ಮದ್ದಳೆ, ಚಂಡೆ, ಅರ್ಥಧಾರಿಗಳ ನಡುವೆ ಒಂದು. ನಾಲ್ಕು ಮೈಕ್ ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸೇ ತಗೊಳ್ಳಿ. ಅಗ್ಗ ಅಂತ ಎರಡರದ್ದು ತಂದರೆ ಮತ್ತೆ ಒಬ್ಬೊಬ್ಬರನ್ನೇ ಕೂರಿಸುವ ದಾರಿ ಹಿಡೀಬೇಕು. ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಡಿ. ರೀಪರ್ 60 ದಿನ ಪುಕ್ಕಟೆ, ಆಮೇಲೆ ವೈಯಕ್ತಿಕ ಲೈಸೆನ್ಸಿಗೆ 60 ಡಾಲರ್. 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ನಾಲ್ಕು ಟ್ರ್ಯಾಕಿಗೆ ಗಂಟೆಗೆ ಸುಮಾರು 2 ಜಿಬಿ. ರಾತ್ರಿಯಿಡೀ ನಡೆದರೂ ಒಂದು ಪೆನ್‌ಡ್ರೈವಿನಷ್ಟೇ.

ಚಂಡೆಯವರನ್ನು ಸ್ವಲ್ಪ ದೂರ, ಒಳಬಾಗಿಲ ಹತ್ತಿರ ಕೂರಿಸಿ, ಆದರೆ ಭಾಗವತರ ಮುಖ ಅವರಿಗೆ ಕಾಣಬೇಕು. ತಾಳಮದ್ದಳೆ ಜೋರಾಗೋದೇ ಮಳೆಗಾಲದಲ್ಲಿ, ಹಂಚಿನ ಮೇಲೆ ಮಳೆ ಬೇರೆ. ಸೂಕ್ಷ್ಮ ಕಂಡೆನ್ಸರ್ ಮೈಕು ಅದನ್ನೆಲ್ಲ ಎಳ್ಕೊಳ್ತದೆ. ಹತ್ತಿರ ಹಿಡಿದ ಡೈನಾಮಿಕ್ ಮೈಕೇ ವಾಸಿ. ಗುಂಯ್ ಅಂತ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಮಳೆ ಸಣ್ಣಗೆ ಕೇಳಿದರೆ ಕೇಳಲಿ ಬಿಡಿ, ನನಗಂತೂ ಅದು ಬೇಕು.

ಇಂಥ ರೆಕಾರ್ಡಿಂಗಲ್ಲಿ ಸಿಗುವ ಒಂದು ಜಾಗ ಇದೆ. ಅರ್ಥ ಮುಗಿಯುವ ಹೊತ್ತು, ಕೊನೇ ಮಾತಿನ ಬಾಲ ಹಿಡಿದು ಭಾಗವತರು ಪದ್ಯ ಎತ್ತುವಾಗ ಮದ್ದಳೆ ಒಂದು ಕ್ಷಣ ಕಾಯ್ತದೆ. ಆ ಕಾಯುವಿಕೆಯನ್ನ ಯಾವ ಪ್ಲಗಿನ್ನೂ ಹುಟ್ಟಿಸೋದಿಲ್ಲ. ಎಡಿಟ್ ಮಾಡೋರು 'ಖಾಲಿ ಜಾಗ' ಅಂತ ಕತ್ತರಿಸೋದೂ ಅದನ್ನೇ.

ನಮ್ಮೂರ ಕಡೆ ಎಪ್ಪತ್ತು ದಾಟಿದ ಭಾಗವತರು ಇನ್ನೂ ಇದ್ದಾರೆ. ಈ ಮಳೆಗಾಲ ಊರಿಗೆ ಹೋಗೋರು ಇಂಟರ್‌ಫೇಸ್ ಚೀಲಕ್ಕೆ ಹಾಕ್ಕೊಳ್ಳಿ. ಮಿಕ್ಸ್ ಆದ ಎಂಪಿ3 ಜೊತೆ ಮೂಲ ಟ್ರ್ಯಾಕುಗಳನ್ನೂ ಉಳಿಸಿ, ಒಂದು ಪ್ರತಿಯನ್ನ ಭಾಗವತರ ಮನೆಯಲ್ಲೇ ಕೊಟ್ಟು ಬನ್ನಿ.