ಅನುಕರಣವೂ ಸ್ವಂತಿಕೆಯೂ: ಬೀಟಲ್ಸ್ ತಂಡದ ಮೊದಲ ಗೀತಸಂಪುಟ

ಕಲಾವಿಮರ್ಶೆಯಲ್ಲಿ ಸ್ವಂತ ರಚನೆಗೆ ಮೊದಲ ಮಣೆಯನ್ನೂ ಅನುಕರಣಕ್ಕೆ ಹಿಂದಿನ ಸಾಲನ್ನೂ ಕೊಡುವುದು ರೂಢಿ. ಈ ರೂಢಿ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸಲು ‘ಪ್ಲೀಸ್ ಪ್ಲೀಸ್ ಮಿ’ ಎಂಬ ರಾಕ್ ಗೀತಸಂಪುಟ ತಕ್ಕ ಆಧಾರವಾಗಿದೆ. ಲಿವರ್‌ಪೂಲಿನ ಬೀಟಲ್ಸ್ ತಂಡದ ಈ ಮೊದಲ ಸಂಪುಟ 1963ರ ಮಾರ್ಚ್ 22ರಂದು ಪ್ರಕಟವಾಯಿತು. ಅದರ 14 ಹಾಡುಗಳಲ್ಲಿ 8 ಲೆನನ್ ಮತ್ತು ಮೆಕಾರ್ಟ್ನಿಯವರ ರಚನೆಗಳು; ಉಳಿದ 6 ಅಮೆರಿಕದಿಂದ ಬಂದವು.

ಈ ಆರನ್ನು ಸಂಪುಟ ತುಂಬಿಸಲು ಸೇರಿಸಿದರೆಂದು ಆಕ್ಷೇಪಿಸುವುದು ಸುಲಭ. ಹತ್ತು ಹಾಡುಗಳು ಫೆಬ್ರವರಿ 11ರ ಒಂದೇ ದಿನ, ಲಂಡನ್ನಿನ ಆಬಿ ರೋಡಿನಲ್ಲಿ, ಜಾರ್ಜ್ ಮಾರ್ಟಿನ್ನರ ಮೇಲ್ವಿಚಾರಣೆಯಲ್ಲಿ ಮುದ್ರಿತವಾದವೆಂಬುದೂ ನಿಜ. ಆದರೆ ಆ ಅವಸರದಿಂದಲೇ ಒಂದು ಲಾಭವಾಗಿದೆ. ವೇದಿಕೆಯ ಮೇಲೆ ಪಳಗಿದ ಹಾಡುಗಳೇ ಇಲ್ಲಿ ಬಂದುದರಿಂದ, ಸಂಪುಟವು ಆ ಯುವಕರ ಶಿಷ್ಯವೃತ್ತಿಯ ದಾಖಲೆಯಾಗಿ ಉಳಿದಿದೆ.

ಅವರ ಮೂಲನಿಷ್ಠೆ ಗಮನಾರ್ಹವಾದುದು. ಆರ್ಥರ್ ಅಲೆಗ್ಸಾಂಡರ್ 1962ರಲ್ಲಿ ಹಾಡಿದ ‘ಅನ್ನಾ’ದ ಪಿಯಾನೋ ನುಡಿತವನ್ನು ಹ್ಯಾರಿಸನ್ ಗಿಟಾರಿಗೆ ಇಳಿಸುತ್ತಾರೆ, ಉಳಿದ ಕಟ್ಟಡ ಬಹುಮಟ್ಟಿಗೆ ಹಾಗೆಯೇ ಇದೆ. ಶಿರೆಲ್ಸ್ ಎಂಬ ತರುಣಿಯರ ತಂಡದ ‘ಬಾಯ್ಸ್’ ಹುಡುಗರನ್ನು ಕುರಿತು ಹುಡುಗಿಯರು ಹಾಡುವ ಹಾಡು. ರಿಂಗೋ ಸ್ಟಾರ್ ಅದರ ಶೀರ್ಷಿಕೆಯ ಪದವನ್ನು ಕೂಡ ಬದಲಿಸದೆ ಹಾಡುತ್ತಾರೆ. ಮುಖ್ಯ ಗಾಯಕನ ಮಾತಿಗೆ ಜೊತೆಗಾರರು ದನಿಗೂಡಿಸುವ ಈ ಕ್ರಮವೇ ‘ಪಿ. ಎಸ್. ಐ ಲವ್ ಯು’ ಮೊದಲಾದ ಸ್ವಂತ ರಚನೆಗಳಲ್ಲಿಯೂ ಕೇಳಿಬರುತ್ತದೆ. ಅನುಕರಣವು ಇಲ್ಲಿ ಸ್ವಂತಿಕೆಗೆ ಪಾಠಶಾಲೆಯಾಯಿತೆಂದರೆ ತಪ್ಪಾಗಲಾರದು.

ಆದರೆ ನಿಷ್ಠೆಯೊಂದೇ ಸಾಲದು. ‘ಎ ಟೇಸ್ಟ್ ಆಫ್ ಹನಿ’ ಅಚ್ಚುಕಟ್ಟಾಗಿದ್ದರೂ ನಿರ್ಜೀವವಾಗಿದೆ. ಇದಕ್ಕೆ ಪ್ರತಿಯಾಗಿ ‘ಟ್ವಿಸ್ಟ್ ಅಂಡ್ ಶೌಟ್’ ಐಸ್ಲಿ ಸೋದರರ 1962ರ ಮಾದರಿಯನ್ನು ಅನುಸರಿಸಿಯೂ ಅದನ್ನು ಮೀರುತ್ತದೆ. ಮೂಲದ ಹಿತ್ತಾಳೆ ವಾದ್ಯಗಳಿಗೆ ಬದಲು ಗಿಟಾರುಗಳಿವೆ. ಶೀತದಿಂದ ಕೆಟ್ಟಿದ್ದ ಲೆನನ್ನರ ಕಂಠ, ದಿನದ ಕೊನೆಯ ಹಾಡಾದ ಇದರಲ್ಲಿ ಹರಿದುಹೋಗುವಂತೆ ಮೊಳಗುತ್ತದೆ. ಮೊದಲ ಯತ್ನವೇ ಸಂಪುಟಕ್ಕೆ ಸೇರಿತು.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳುತ್ತದೆ. ಇಂಥ ಮರುಗಾಯನದ ಗೌರವಧನ ಹಾಡು ಬರೆದವರಿಗೂ ಪ್ರಕಾಶಕರಿಗೂ ಸಲ್ಲುತ್ತದೆ. ಮೊದಲು ಹಾಡಿ ಅದಕ್ಕೆ ರೂಪ ಕೊಟ್ಟವರಿಗೆ ಸಲ್ಲುವುದಿಲ್ಲ. ಶಿರೆಲ್ಸ್ ತಂಡದವರ ಎರಡು ಹಾಡುಗಳು ಈ ಸಂಪುಟದಲ್ಲಿವೆ; ಆದರೂ ಆ ಋಣ ಯಾವ ಲೆಕ್ಕಪತ್ರದಲ್ಲಿಯೂ ಕಾಣದು. ಓಲೆಗರಿಯ ಪ್ರತಿಯೊಂದು ಕಳೆದುಹೋದ ಮೂಲಕ್ಕೆ ಸಾಕ್ಷಿಯಾಗುವಂತೆ, ಈ ಆರು ಹಾಡುಗಳು ಮರೆಯಾದ ಗುರುಗಳಿಗೆ ಸಾಕ್ಷಿಯಾಗಿವೆ. ಎಂಟು ಸ್ವಂತ ಹಾಡುಗಳನ್ನು ಮೆಚ್ಚುವವರು ಈ ಆರನ್ನು ಬದಿಗಿಟ್ಟರೆ, ಚರಿತ್ರೆಯ ಅರ್ಧವನ್ನು ಬಿಟ್ಟಂತಾಗುತ್ತದೆ.